ನಾಲ್ಕಾಣೆ ಉಳಿಸಿದ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಹೆಸರು ನನಗೆ ಗೊತ್ತಿಲ್ಲ. ನನ್ನ ಹಳೇ ಕಂಪ್ಯೂಟರಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯ ಮೇಲೆ ತಯಾರಕರ ಹೆಸರು, ಊರು ಇರಬೇಕಾದ ಜಾಗದಲ್ಲಿ ರೆಕ್ಕೆ ಬಿಚ್ಚಿದ ಒಂದು ಹದ್ದಿನ ಚಿತ್ರವಿದೆ. ಹದ್ದಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಕಳಿಸಲು ಅಂಚೆಯವರು ಒಪ್ಪುವುದಿಲ್ಲ. ಹಾಗಾಗಿ ನಾಲ್ಕು ಜನರ ಮುಂದೆಯೇ ಬರೆಯುತ್ತಿದ್ದೇನೆ.

ಹೆಸರು ಗೊತ್ತಿಲ್ಲದಿದ್ದರೂ ತಮ್ಮ ಕೆಲಸದ ಪರಿಚಯ ಚೆನ್ನಾಗಿಯೇ ಇದೆ. ಯಾವ ಕೆಪಾಸಿಟರ್ ಯಾವುದರ ಪಕ್ಕ ನಿಲ್ಲಬೇಕು, ಯಾವ ರೆಸಿಸ್ಟರ್ ಬೋರ್ಡಿಗೆ ಎಷ್ಟು ಒತ್ತಿಕೊಂಡು ಕೂರಬೇಕು, ಎಲ್ಲಿ ಕಾಯಿಲ್ ಬದಲು ಬರೀ ತಂತಿ ಸಾಕು ಎಂದು ಎ.ಸಿ. ಕೋಣೆಯಲ್ಲಿ ಕೂತು ತೀರ್ಮಾನಿಸಿದವರು ತಾವು. ಒಂದೊಂದು ಬೋರ್ಡಿನಲ್ಲಿ ನಾಲ್ಕಾಣೆ ಉಳಿಸಿದಿರಿ ಅಂದುಕೊಂಡರೂ ಲಕ್ಷ ಬೋರ್ಡಿಗೆ ಇಪ್ಪತ್ತೈದು ಸಾವಿರ ರೂಪಾಯಿ ಆಯಿತು. ಬಡ್ತಿಯೂ ಸಿಕ್ಕಿರಬಹುದು, ಸಂತೋಷ. ಆ ನಾಲ್ಕಾಣೆ ಈಗ ಕರಕಲಾಗಿ ನನ್ನ ಮೇಜಿನ ಮೇಲೆ ಬಿದ್ದಿದೆ. ಉಪಕಾರ ಪಡೆದು ಒಂದು ಮಾತೂ ಆಡದೆ ಇರುವುದು ನಮ್ಮ ಕಡೆಯ ಪದ್ಧತಿಯಲ್ಲ.

ನನ್ನದು ರಾಯಚೂರಿನಲ್ಲಿ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶ್ರದ್ಧಾಂಜಲಿ ಕಾರ್ಡು, ಚುನಾವಣೆ ಬಂತೆಂದರೆ ಹ್ಯಾಂಡ್‌ಬಿಲ್ಲು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಪಕ್ಕದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುತ್ತಾರೆ. ಈಗ ಆ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್. ಆ ವಿದ್ಯುತ್ತಿನಿಂದ ನಾವು ಫ್ಯಾನ್ ತಿರುಗಿಸಿಕೊಂಡು ಅದೇ ಬಿಸಿಗಾಳಿ ಕುಡಿಯುತ್ತೇವೆ. ಅದರ ಮೇಲೆ ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ಎಳೆ, ಅಕ್ಕಿ ಗಿರಣಿಗಳ ಧೂಳು. ತಮ್ಮ ಡಬ್ಬಿ 25 ಡಿಗ್ರಿಯ ಕೋಣೆಯಲ್ಲಿ ಪರೀಕ್ಷೆ ಪಾಸಾಗಿದ್ದಿರಬಹುದು. ರಾಯಚೂರು ಸಿಲೆಬಸ್ಸಿನಲ್ಲಿ ಇರಲಿಲ್ಲ.

ಈ ಕಾಲದಲ್ಲೂ ಪೆಂಟಿಯಂ 4 ಯಾಕೆ ಇಟ್ಟುಕೊಂಡಿದ್ದೀರಿ ಎಂದು ಬಂದವರೆಲ್ಲ ಕೇಳುತ್ತಾರೆ, ತಾವೂ ಕೇಳಬಹುದು. ಅದರೊಳಗೆ ಪೇಜ್‌ಮೇಕರ್ 7 ಇದೆ. 2001ರಲ್ಲಿ ಬಂದ ಆ ಆವೃತ್ತಿಯೇ ಕೊನೆಯದು, ಅದಕ್ಕೆ ಯೂನಿಕೋಡ್ ತಿಳಿಯದು. ಯೂನಿಕೋಡ್ ಬರುವ ಮೊದಲಿನ ಕನ್ನಡ ಫಾಂಟುಗಳಲ್ಲಿ ಮಾಡಿಟ್ಟ ಸಾವಿರಾರು ಫೈಲುಗಳು ಅದರಲ್ಲಿವೆ. ಹೊಸ ಯಂತ್ರದಲ್ಲಿ ತೆರೆದರೆ ವಧುವಿನ ಹೆಸರಿದ್ದಲ್ಲಿ ಡಾಲರ್ ಚಿಹ್ನೆ, ವರನ ಹೆಸರಿದ್ದಲ್ಲಿ ಪ್ರಶ್ನಾರ್ಥಕ. ಫಾಂಟಿನ ತಂತ್ರಾಂಶಕ್ಕೆ ಬೀಗದ ಕೈಯಂತೆ ಕೊಟ್ಟ ಡಾಂಗಲ್ ಹಿಂದಿನ ಪ್ರಿಂಟರ್ ಪೋರ್ಟಿಗೆ ಚುಚ್ಚಿಕೊಂಡಿದೆ. ಇಂದಿನ ಲ್ಯಾಪ್‌ಟಾಪಿಗೆ ಆ ಪೋರ್ಟೇ ಇಲ್ಲ. ಹೀಗಾಗಿ ಈ ಯಂತ್ರದ ಆಯುಷ್ಯವೆಂದರೆ ತಮ್ಮ ಡಬ್ಬಿಯ ಆಯುಷ್ಯ.

ಡಬ್ಬಿಯ ಮೇಲಿನ ಲೇಬಲ್ಲಿನಿಂದಲೇ ಶುರು ಮಾಡೋಣ. 450 ವ್ಯಾಟ್ ಎಂದು ದಪ್ಪಕ್ಷರದಲ್ಲಿದೆ. ಕೆಳಗಿನ ಪುಟ್ಟ ಕೋಷ್ಟಕದಲ್ಲಿ 12 ವೋಲ್ಟಿನ ಸಾಲಿಗೆ 10 ಆಂಪಿಯರ್ ಎಂದಿದೆ, ಅಂದರೆ 120 ವ್ಯಾಟ್. ಮಿಕ್ಕ ಸಾಲುಗಳನ್ನು ಒಂದೇ ಹೊತ್ತಿಗೆ ಪೂರ್ತಿ ಹಿಂಡಿದರೂ 450 ಮುಟ್ಟುವುದು ಕಷ್ಟ. ಬಹುಶಃ ತಾವು ಡಬ್ಬಿಯ ಜೊತೆ ಹದ್ದಿನ ಶಕ್ತಿಯನ್ನೂ ಕೂಡಿಸಿದ್ದೀರಿ. ಮೇಲುಮುಚ್ಚಳ ತೆಗೆದರೆ ನಡುವಿನ ಟ್ರಾನ್ಸ್‌ಫಾರ್ಮರಿನ ಗಾತ್ರವೇ ಎಲ್ಲ ಹೇಳಿಬಿಡುತ್ತದೆ. ಅನುಭವಸ್ಥ ಮೆಕ್ಯಾನಿಕ್ಕಿಗೆ ಲೇಬಲ್ ಓದುವ ಅಗತ್ಯವಿಲ್ಲ, ಡಬ್ಬಿಯನ್ನು ಅಂಗೈಯಲ್ಲಿಟ್ಟು ತೂಗಿದರೆ ಸಾಕು.

ಕರೆಂಟು ಒಳಬರುವ ಬಾಗಿಲ ಬಳಿ ಇನ್ನೊಂದು ಸೊಗಸು. ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ‘ಎಲ್1’ ಎಂದು ಅಚ್ಚು ಹಾಕಿ, ಕಾಯಿಲ್ ಕೂರಲು ಉಂಗುರದ ಚಿತ್ರ ಬರೆದು, ನಾಲ್ಕು ತೂತು ಕೊರೆದಿದ್ದೀರಿ. ಕಾಯಿಲ್ ಮಾತ್ರ ಇಲ್ಲ. ಎರಡು ತುಂಡು ತಂತಿ ಹಾಕಿ ಮುಗಿಸಿದ್ದೀರಿ. ಪಕ್ಕದಲ್ಲಿ ಫಿಲ್ಟರ್ ಕೆಪಾಸಿಟರಿನ ಖಾಲಿ ಚೌಕ. ಬಾರದ ಅತಿಥಿಯ ಹೆಸರನ್ನು ಆಮಂತ್ರಣದಲ್ಲಿ ಅಚ್ಚು ಹಾಕಿಸುವವರನ್ನು ನನ್ನ ವೃತ್ತಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಈ ಕಲೆ ಎಲೆಕ್ಟ್ರಾನಿಕ್ಸಿನಲ್ಲೂ ಇದೆಯೆಂದು ತಮ್ಮಿಂದ ತಿಳಿಯಿತು.

ಇವೆಲ್ಲ ಸಣ್ಣ ಸಂಗತಿಗಳು. ತಮ್ಮ ನಿಜವಾದ ಪ್ರತಿಭೆ ಇರುವುದು ಶಾಖವನ್ನು ಹಂಚುವುದರಲ್ಲಿ.

ಪೆಂಟಿಯಂ 4 ಕಾಲದ ಅಗ್ಗದ ಎಸ್‌ಎಂಪಿಎಸ್‌ನ ದಕ್ಷತೆ ನೂರಕ್ಕೆ ಎಪ್ಪತ್ತರ ಆಸುಪಾಸು. ಮದರ್‌ಬೋರ್ಡು, ಹಾರ್ಡ್ ಡಿಸ್ಕಿಗೆ 100 ವ್ಯಾಟ್ ಕೊಡಬೇಕಾದರೆ ಗೋಡೆಯಿಂದ 140ಕ್ಕೂ ಹೆಚ್ಚು ಎಳೆಯುತ್ತದೆ. ಉಳಿದ ನಲವತ್ತು ಚಿಲ್ಲರೆ ವ್ಯಾಟ್ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ, ಡಬ್ಬಿಯೊಳಗೇ ಬಿಸಿಯಾಗಿ ಕೂತಿದೆ. ನಾನು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಬರೀ 25 ವ್ಯಾಟಿನದು, ಅದರ ಮೊನೆಗೆ ಸೀಸ ಕರಗುತ್ತದೆ. ಅಂದರೆ ಅಂಥ ಒಂದೂವರೆ ಐರನ್ನನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟು ಇಡೀ ದಿನ ಉರಿಸಿ, 80 ಮಿಲಿಮೀಟರಿನ ಒಂದು ಫ್ಯಾನಿಗೆ ಅದನ್ನು ತಣ್ಣಗಿಡುವ ಹೊಣೆ ವಹಿಸಿದ್ದೀರಿ. ‘80 ಪ್ಲಸ್’ ಎಂಬ ದಕ್ಷತೆಯ ಮುದ್ರೆ 2004ರಲ್ಲೇ ಶುರುವಾಯಿತು. ತಮ್ಮ ಹದ್ದಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಆ ಫ್ಯಾನೂ ಯಾವಾಗಲೂ ತಿರುಗುವುದಿಲ್ಲ ಎನ್ನುವುದು ಇನ್ನೂ ಸ್ವಾರಸ್ಯದ ವಿಷಯ. ಹಳೇ ಎಟಿ ಕಂಪ್ಯೂಟರುಗಳಲ್ಲಿ ಮುಂದಿನ ಗುಂಡಿ ಒತ್ತಿದರೆ ಕರೆಂಟು ನಿಜವಾಗಿಯೂ ಕಡಿದುಹೋಗುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಮಾದರಿ ತಂದ ಮೇಲೆ ಮುಂದಿನ ಗುಂಡಿ ಬರೀ ಅರ್ಜಿ ಸಲ್ಲಿಸುವ ಗುಂಡಿಯಾಯಿತು. ಶಟ್‌ಡೌನ್ ಮಾಡಿ ಅಂಗಡಿ ಮುಚ್ಚಿಕೊಂಡು ಹೋದರೂ, ಗೋಡೆಯ ಸ್ವಿಚ್ ಆರಿಸದಿದ್ದರೆ ಒಳಗೊಂದು ಪುಟ್ಟ ಸರ್ಕ್ಯೂಟ್ ಎಚ್ಚರವಾಗಿಯೇ ಇರುತ್ತದೆ. ನೇರಳೆ ತಂತಿಯಲ್ಲಿ 5 ವೋಲ್ಟ್ ಕೊಡುವ ಸ್ಟ್ಯಾಂಡ್‌ಬೈ ಎಂದರೆ ಅದೇ. ಗೋಡೆಯ 230 ವೋಲ್ಟನ್ನು ಡಿಸಿ ಮಾಡಿದರೆ ಸುಮಾರು 325 ವೋಲ್ಟ್ ಆಗುತ್ತದೆ. ಆ ಸರ್ಕ್ಯೂಟ್ ಹಗಲೂ ರಾತ್ರಿ ಇದನ್ನು ಕುಟ್ಟಿ ಐದಕ್ಕೆ ಇಳಿಸುತ್ತಿರುತ್ತದೆ. ಆಗ ಫ್ಯಾನ್ ನಿಂತಿರುತ್ತದೆ. ಗಾಳಿಯಿಲ್ಲದ ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಬೇಯುವ ಭಾಗ ಇದೊಂದೇ.

ಈಗ ತಮ್ಮ ಮೇರುಕೃತಿಗೆ ಬರುತ್ತೇನೆ. ಆ ಸ್ಟ್ಯಾಂಡ್‌ಬೈ ಭಾಗದಲ್ಲಿ 10 ಮೈಕ್ರೊಫ್ಯಾರಡ್, 50 ವೋಲ್ಟಿನ ಒಂದು ಪುಟಾಣಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇದೆ, ಕಿರುಬೆರಳ ಉಗುರಿನಷ್ಟು. ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದ ಸುತ್ತಿ, ಕೆಳಗೆ ರಬ್ಬರ್ ಬಿರಡೆ ಹಾಕಿದ ಡಬ್ಬಿ ಅದು. ಒಳಗಿನ ತೇವ ಆರಿದರೆ ಅದರ ಕತೆ ಮುಗಿಯಿತು. ಈ ಬೋರ್ಡಿನಲ್ಲಿ ಅದನ್ನು ನಿಲ್ಲಿಸಲು ಎಷ್ಟೋ ಜಾಗವಿತ್ತು. ತಾವು ಆರಿಸಿದ್ದು ಒಂದು ಕಡೆ ಸ್ಟ್ಯಾಂಡ್‌ಬೈ ಟ್ರಾನ್ಸಿಸ್ಟರಿನ ಬಿಸಿ ಹೀರುವ ಹೀಟ್‌ಸಿಂಕು, ಇನ್ನೊಂದು ಕಡೆ ಯಾವಾಗಲೂ ಕಾದಿರುವ ರೆಸಿಸ್ಟರು, ಇವೆರಡರ ನಡುವಿನ ಸಂದಿಯನ್ನು. ಹೀಟ್‌ಸಿಂಕಿಗೂ ಕೆಪಾಸಿಟರಿಗೂ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರುತ್ತದೆ, ಎರಡು ತೂರುವುದಿಲ್ಲ. ಕೆಪಾಸಿಟರಿನ ಮೈಮೇಲೆ ‘85 ಡಿಗ್ರಿ’ ಎಂದು ಅಚ್ಚಾಗಿದೆ. ಹೀಟ್‌ಸಿಂಕಿನ ಕಡೆಯ ಮಗ್ಗುಲಲ್ಲಿ ಪ್ಲಾಸ್ಟಿಕ್ ಹೊದಿಕೆ ಸುಕ್ಕುಗಟ್ಟಿ ಮೇಲೆ ಸರಿದು, ಆ 85ರಲ್ಲಿ 8 ಮಾತ್ರ ಓದಲು ಸಿಗುತ್ತದೆ.

ಇಂಥ ಕೆಪಾಸಿಟರಿನ ಲೆಕ್ಕ ಬಹಳ ಸರಳ. ಶಾಖ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ, 10 ಡಿಗ್ರಿ ಇಳಿದರೆ ಇಮ್ಮಡಿಯಾಗುತ್ತದೆ. ಎಲೆಕ್ಟ್ರಾನಿಕ್ಸ್ ಓದಿದವರೆಲ್ಲ ಬಲ್ಲ ಸ್ಥೂಲ ಸೂತ್ರ ಇದು. 85 ಡಿಗ್ರಿಗೆ 1,000 ಗಂಟೆ ಎಂದು ಬರೆದ ಕೆಪಾಸಿಟರನ್ನು 65 ಡಿಗ್ರಿಯಲ್ಲಿ ಇಟ್ಟರೆ 4,000 ಗಂಟೆ. ದಿನಕ್ಕೆ 24 ಗಂಟೆ ಸ್ಟ್ಯಾಂಡ್‌ಬೈ ನಡೆದರೆ ಐದೂವರೆ ತಿಂಗಳು. ಅದೇ ಜಾಗಕ್ಕೆ 105 ಡಿಗ್ರಿ, 2,000 ಗಂಟೆಯದನ್ನು ಹಾಕಿದ್ದರೆ 32,000 ಗಂಟೆ, ಅಂದರೆ ಮೂರೂವರೆ ವರ್ಷದ ಮೇಲೆ. ಎರಡಕ್ಕೂ ಬೆಲೆಯ ವ್ಯತ್ಯಾಸ ಬಿಡಿಗಾಸು. ಜಾಗವನ್ನೂ ಒಂದಿಷ್ಟು ಸರಿಸಿ 55 ಡಿಗ್ರಿಗೆ ಇಳಿಸಿದ್ದರೆ ಏಳು ವರ್ಷ ದಾಟುತ್ತಿತ್ತು, ಜಾಗ ಸರಿಸುವುದಕ್ಕೆ ಬಿಡಿಗಾಸೂ ಬೇಡ. ಒಲೆಯ ದಂಡೆಯ ಮೇಲೆ ಬೆಣ್ಣೆ ಇಟ್ಟು, ಬೆಣ್ಣೆ ಕಳಪೆ ಅಂದರಂತೆ. ಅಂಥ ಮಾತನ್ನೇ ಸರ್ವಿಸ್ ಸೆಂಟರುಗಳಲ್ಲಿ ‘ಕಾಂಪೊನೆಂಟ್ ಫೇಲ್ಯೂರ್’ ಅನ್ನುತ್ತಾರೆ.

ಆ ಕೆಪಾಸಿಟರ್ ಆರಿದಾಗ ಏನಾಗುತ್ತದೆ ಎನ್ನುವುದನ್ನು ತಾವು ಬಹುಶಃ ನೋಡಿರಲಿಕ್ಕಿಲ್ಲ. ಸ್ಟ್ಯಾಂಡ್‌ಬೈ ವೋಲ್ಟೇಜನ್ನು ಹದ್ದುಬಸ್ತಿನಲ್ಲಿ ಇಡುವ ಕೆಲಸದಲ್ಲಿ ಈ ಪುಟಾಣಿಯ ಪಾಲು ದೊಡ್ಡದು. ಎರಡೇ ಟ್ರಾನ್ಸಿಸ್ಟರ್ ಹಾಕಿ ಅಗ್ಗದಲ್ಲಿ ಮುಗಿಸಿದ ಈ ಬಗೆಯ ಸರ್ಕ್ಯೂಟಿನಲ್ಲಿ ಅದು ಸೊರಗಿದಂತೆಲ್ಲ 5 ವೋಲ್ಟ್ ಮೇಲೇರುತ್ತದೆ. ಎಟಿಎಕ್ಸ್ ನಿಯಮದ ಪ್ರಕಾರ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ನಡೆಯುತ್ತದೆ, ಅಂದರೆ 5.25ರ ತನಕ. ನನ್ನ ಮೀಟರ್ ನೇರಳೆ ತಂತಿಯ ಮೇಲೆ 5.9 ತೋರಿಸಿತು. ಆ ಹೆಚ್ಚುವರಿ ವೋಲ್ಟೇಜ್ ಸೀದಾ ಮದರ್‌ಬೋರ್ಡಿಗೆ ಹೋಗುತ್ತದೆ. ಉಳಿಸಿದ ನಾಲ್ಕಾಣೆ ಮದರ್‌ಬೋರ್ಡನ್ನೂ ತಿನ್ನಬಲ್ಲದು ಎಂಬ ಅರಿವು ತಮಗಿದ್ದರೆ ಪೂರ್ತಿ ಎಂಟಾಣೆ ಉಳಿಸುತ್ತಿದ್ದಿರೋ ಏನೋ.

ರೋಗದ ಲಕ್ಷಣವೂ ವಿಚಿತ್ರ. ಡಿಸೆಂಬರಿನ ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನು ಒಮ್ಮೆ ಅಲುಗಿ ನಿಲ್ಲುತ್ತದೆ. ಮಧ್ಯಾಹ್ನ ಅದೇ ಗುಂಡಿ ಒತ್ತಿದರೆ ಏಳುತ್ತದೆ. ಕಾಯಲು ಆಗದವರು ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಊದಿ ಎಬ್ಬಿಸುವುದುಂಟು. ಒಣಗಿದ ಕೆಪಾಸಿಟರಿನ ಒಳತಡೆ ಚಳಿಯಲ್ಲಿ ಹೆಚ್ಚು, ಕಾದಾಗ ಕಡಿಮೆ, ಅದಕ್ಕೇ ಹೀಗೆ. ಶಾಖ ತಿಂದು ಸತ್ತದ್ದನ್ನು ಶಾಖ ಕೊಟ್ಟೇ ಎಬ್ಬಿಸಬೇಕಾದ ಯಂತ್ರವನ್ನು ಮಾಡಿದ ಕೀರ್ತಿ ತಮ್ಮದು.

ಬೋರ್ಡಿನ ಆ ಕಡೆ, ಬಣ್ಣಬಣ್ಣದ ತಂತಿಗಳು ಹೊರಡುವ ಜಾಗದಲ್ಲಿ, ಇನ್ನೊಂದು ಕರಕಲು. ಖಾಲಿ ಇದ್ದಾಗಲೂ ವೋಲ್ಟೇಜ್ ಅಂಕೆ ತಪ್ಪದಿರಲೆಂದು ಪ್ರತಿ ಸಾಲಿಗೂ ಗ್ರೌಂಡಿನ ಕಪ್ಪು ತಂತಿಗೂ ನಡುವೆ ಒಂದೊಂದು ರೆಸಿಸ್ಟರ್ ಹಾಕುತ್ತಾರೆ. ಬರೀ ಬಿಸಿಯಾಗುವುದೇ ಅದರ ನೌಕರಿ. 5 ವೋಲ್ಟಿನ ಸಾಲಿಗೆ ತಾವು ಹಾಕಿದ್ದು 10 ಓಮ್. ಐದೈದಲ ಇಪ್ಪತ್ತೈದು, ಹತ್ತರಿಂದ ಭಾಗಿಸಿದರೆ ಎರಡೂವರೆ ವ್ಯಾಟ್. ಹಾಕಿದ ರೆಸಿಸ್ಟರ್ 3 ವ್ಯಾಟಿನದು. ಕಾಗದದ ಮೇಲೆ ಲೆಕ್ಕ ಸರಿ, ಯಾವ ಪರೀಕ್ಷಕನೂ ತಕರಾರು ತೆಗೆಯುವಂತಿಲ್ಲ. ಆದರೆ ಅದು ಗಾಳಿಯಲ್ಲಿ ನಿಂತಿದ್ದರೆ ಮಾತ್ರ ಆ ಲೆಕ್ಕ. ತಾವು ಅದನ್ನು ಬೋರ್ಡಿಗೆ ಅಂಟಿಸಿಯೇ ಮಲಗಿಸಿದ್ದೀರಿ, ಕಾಲು ನಾಲ್ಕು ಮಿಲಿಮೀಟರ್ ಉದ್ದವಾದರೆ ತಂತಿ ಖರ್ಚಾಗುತ್ತದಲ್ಲ. ಕೆಳಗಿನ ಬೋರ್ಡೋ, ರಾಳದಲ್ಲಿ ಅದ್ದಿದ ಕಾಗದದ್ದು. ಮೊದಲು ಚಹಾದ ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಗಿ, ಈಗ ಬೆರಳಿಟ್ಟರೆ ಪುಡಿ ಉದುರುತ್ತಿದೆ. ತಾಮ್ರದ ಪಟ್ಟಿ ಕೆಳಗಿನಿಂದ ಎದ್ದು ಗಾಳಿಯಲ್ಲಿ ತೂಗುತ್ತಿದೆ.

ರೆಸಿಸ್ಟರಿನ ಬಣ್ಣದ ಪಟ್ಟಿಗಳನ್ನು ಐಟಿಐ ಹುಡುಗರು ಬಾಯಿಪಾಠ ಮಾಡಿರುತ್ತಾರೆ. ಕಂದು ಒಂದು, ಕೆಂಪು ಎರಡು, ಕಿತ್ತಳೆ ಮೂರು. ತಮ್ಮ ಬೋರ್ಡಿನಲ್ಲಿ ಒಂದು, ಎರಡು, ಮೂರು ಎಲ್ಲವೂ ಸುಟ್ಟ ಬೆಲ್ಲದ ಬಣ್ಣ. ಇಷ್ಟು ಪೂರ್ಣವಾದ ಸಮಾನತೆ ಬೇರೆಲ್ಲೂ ಜಾರಿಗೆ ಬಂದಿಲ್ಲ. 10 ಓಮಿನದಂತೂ ಹುಟ್ಟಿನಿಂದಲೇ ಕಂದು, ಕಪ್ಪು, ಕಪ್ಪು. ಸುಟ್ಟ ಮೇಲೆ ಏನು ಬದಲಾಯಿತೆಂದು ಹೇಳುವುದೇ ಕಷ್ಟ. ಮೀಟರ್ ಹಿಡಿದರೆ ಒಳಗೆ ಕಡಿದುಹೋಗಿತ್ತು. ಇಂಥಲ್ಲಿ ಬಣ್ಣವನ್ನು ನಂಬುವ ಬದಲು ಬೋರ್ಡು ತಿರುವಿ, ತಾಮ್ರದ ದಾರಿ ಹಿಡಿದು, ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಬೇಕು. 5 ವೋಲ್ಟಿನ ಕೆಂಪು ತಂತಿಗೂ ಕಪ್ಪು ತಂತಿಗೂ ನಡುವೆ ಇದೆ ಎಂದರೆ ಅದು ಹೊರೆ ರೆಸಿಸ್ಟರ್, ಅದಕ್ಕೆ ನಿಖರ ಓಮಿನ ಹಟವಿಲ್ಲ. ಸ್ಟ್ಯಾಂಡ್‌ಬೈ ಭಾಗದಲ್ಲಿ ಸುಟ್ಟದ್ದಾದರೆ ಹಾಗಲ್ಲ. ಅಲ್ಲಿ ಅಂದಾಜಿನ ಮೇಲೆ ಹಾಕುವವನು ಎಸ್‌ಎಂಪಿಎಸ್ ಬದಲು ಪಟಾಕಿ ತಯಾರಿಸುತ್ತಾನೆ.

ಅಂಟಿನ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಲಾರಿಯ ಕುಲುಕಾಟಕ್ಕೆ ಕೆಪಾಸಿಟರ್ ಅಲುಗದಿರಲೆಂದು ತಾವು ಧಾರಾಳವಾಗಿ ಸುರಿದ ಹಳದಿ ಅಂಟು ಶಾಖಕ್ಕೆ ಕಂದಾಗಿದೆ. ಹಾಗೆ ಕಂದಾದ ಅಂಟು ಕರೆಂಟು ಹರಿಸಲು ಶುರುಮಾಡುತ್ತದೆ, ಕೆಳಗಿನ ಕಾಲುಗಳನ್ನೂ ತಿನ್ನುತ್ತದೆ. ಕೆರೆದು ತೆಗೆದಾಗ ಅಡಿಯಲ್ಲಿದ್ದ ಡಯೋಡಿನ ಕಾಲು ಹಸಿರು ಹಿಡಿದು ನೂಲಿನಷ್ಟಾಗಿತ್ತು. ಧಾರಾಳತನ ತೋರಿಸಿದ ಒಂದೇ ಒಂದು ಕಡೆಯೂ ಹೀಗಾಯಿತಲ್ಲ ಎಂದು ತಮ್ಮ ಪರವಾಗಿ ನಾನೇ ನೊಂದುಕೊಂಡೆ.

ತಾವು ಹೇಳಬಹುದು: ಕೆಪಾಸಿಟರ್ ಉಬ್ಬುವುದು ಜಗತ್ತಿಗೇ ಬಂದ ಪಿಡುಗು, ನನ್ನೊಬ್ಬನ ಮೇಲೆ ಯಾಕೆ? ನಿಜ, 2000ದ ಆಸುಪಾಸಿನಿಂದ ಕೆಲವು ವರ್ಷ ಕಳಪೆ ದ್ರವ ತುಂಬಿದ ಕೆಪಾಸಿಟರುಗಳು ಲೋಕದ ತುಂಬ ಮದರ್‌ಬೋರ್ಡುಗಳ ಮೇಲೆ ಉಬ್ಬಿ ಸೋರಿದವು. ದೊಡ್ಡ ದೊಡ್ಡ ಕಂಪನಿಗಳೇ ಬೋರ್ಡು ಬದಲಿಸಿಕೊಡಬೇಕಾಯಿತು. ಅದು ದ್ರವದ ದೋಷ. ಇಲ್ಲಿ ಹಾಗಲ್ಲ. ತಮ್ಮ ಡಬ್ಬಿಯಲ್ಲಿ ಫ್ಯಾನಿನ ಗಾಳಿ ಬೀಸುವ ದಾರಿಯಲ್ಲಿದ್ದ ಅದೇ ಮಾರ್ಕಿನ ಕೆಪಾಸಿಟರುಗಳು ಇಂದಿಗೂ ಸರಿಯಾಗಿವೆ. ಸತ್ತವೆಲ್ಲ ಬಿಸಿಯ ಪಕ್ಕ ನಿಂತವು. ಇದು ನಕ್ಷೆ ಬರೆದವರ ದೋಷ.

ಶಾಖದ ಬಗ್ಗೆ ತಲೆ ಕೆಡಿಸಿಕೊಂಡವರೂ ಇದ್ದರು. 1977ರ ಆಪಲ್ IIರಲ್ಲಿ ಫ್ಯಾನ್ ಇರಕೂಡದು ಎಂದು ಸ್ಟೀವ್ ಜಾಬ್ಸ್ ಹಟ ಹಿಡಿದಾಗ, ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಬಿಸಿ ಕಡಿಮೆಯಾಗಲೆಂದೇ ಸ್ವಿಚಿಂಗ್ ಬಗೆಯ ವಿದ್ಯುತ್ ಡಬ್ಬಿ ಮಾಡಿಕೊಟ್ಟ. ಮೂರೇ ವರ್ಷಕ್ಕೆ ಅದೇ ಕಂಪನಿ ಆಪಲ್ III ತಂದು, ಅದರಲ್ಲೂ ಫ್ಯಾನ್ ಬಿಟ್ಟು, ಕಾವಿಗೆ ಚಿಪ್ಪುಗಳು ಸಡಿಲಾದಾಗ ‘ಯಂತ್ರವನ್ನು ಕೆಲವು ಇಂಚು ಎತ್ತಿ ಕೆಳಗೆ ಬಿಡಿ’ ಎಂದು ಗಿರಾಕಿಗಳಿಗೆ ಹೇಳಿಸಿತು. ಹೀಗಾಗಿ ತಮ್ಮ ಪರಂಪರೆ ದೊಡ್ಡದೇ. ಕಂಪ್ಯೂಟರಿಗೆ ಪಕ್ಕದಿಂದ ಒಂದು ಪೆಟ್ಟು ಹಾಕುವ ನಮ್ಮ ಚಿಕಿತ್ಸೆಗೂ ಶಾಸ್ತ್ರಾಧಾರ ಸಿಕ್ಕಿತು.

ಡಬ್ಬಿಯನ್ನು ಊರಿನ ಮೆಕ್ಯಾನಿಕ್ಕಿಗೆ ತೋರಿಸಿದೆ. ಮೂಸಿ ನೋಡಿ, ವಾಪಸ್ಸು ನನ್ನ ಕಡೆ ಸರಿಸಿದ. “ಸರ, ಇದರಾಗ ಏನೂ ಉಳದಿಲ್ರಿ. ಎಂಟನೂರಕ್ಕ ಹೊಸಾದು ಬರ್ತದ, ಒಂದ್ ವರ್ಷ ವಾರಂಟೀನೂ ಅದ. ಸುಮ್ಮ ಯಾಕ ತಲಿ ಕೆಡಿಸ್ಕೋತೀರಿ?” ಅವನ ಮಾತಿನಲ್ಲಿ ತಪ್ಪಿಲ್ಲ. ಒಂದು ಎಸ್‌ಎಂಪಿಎಸ್ ಬಿಚ್ಚಿ ಕೂತರೆ ಅವನ ಅರ್ಧ ದಿನ ಹೋಗುತ್ತದೆ, ಮುನ್ನೂರು ಕೇಳಿದರೆ ಗಿರಾಕಿ ಮುಖ ಸಿಂಡರಿಸುತ್ತಾನೆ. ಹೊಸದನ್ನು ಮಾರಿದರೆ ಹತ್ತು ನಿಮಿಷ. ಅವನು ತೋರಿಸಿದ ಹೊಸ ಡಬ್ಬಿಯ ಜಾಲರಿಯಿಂದ ಟಾರ್ಚು ಬಿಟ್ಟು ನೋಡಿದೆ. ಹದ್ದಿನ ಬದಲು ಮೇಲೆ ಚಿರತೆ, ಲೇಬಲ್ಲಿನಲ್ಲಿ 500 ವ್ಯಾಟ್. ಒಳಗೆ ಅದೇ ಸಂದಿ, ಅದೇ ಪುಟಾಣಿ, ಅದೇ ಹೀಟ್‌ಸಿಂಕಿಗೆ ಮೈ ತಾಗಿಸಿ ನಿಂತಿದೆ. ಎಂಟುನೂರು ಕೊಟ್ಟು ಕೊಳ್ಳುವುದು ಹೊಸ ಡಬ್ಬಿಯನ್ನಲ್ಲ, ತಮ್ಮ ಹಳೇ ತೀರ್ಮಾನವನ್ನೇ ಎಂದು ಆಗ ಖಚಿತವಾಯಿತು.

ಆದ್ದರಿಂದ ತಮ್ಮ ತೀರ್ಮಾನಗಳನ್ನು ಒಂದೊಂದಾಗಿ ರದ್ದು ಮಾಡಿದೆ. ತಮಗೆ ತಿಳಿದಿರಲೆಂದು ವರದಿ ಒಪ್ಪಿಸುತ್ತಿದ್ದೇನೆ. ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ, ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯ ಬದಲು ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಿಂದ ಸಾಮಾನು ತರಿಸಿದೆ, ಎಲ್ಲ ಸೇರಿ ನೂರು ರೂಪಾಯಿ ಒಳಗೆ. ಪುಟಾಣಿಯ ಜಾಗಕ್ಕೆ 105 ಡಿಗ್ರಿಯದನ್ನು ಹಾಕಿ, ಕಾಲುಗಳಿಗೆ ಸ್ಲೀವ್ ತೊಡಿಸಿ, ಹೀಟ್‌ಸಿಂಕಿನಿಂದ ಒಂದು ಸೆಂಟಿಮೀಟರ್ ಆಚೆಗೆ, ತಗಡಿಗೆ ತಾಗದಂತೆ ವಾಲಿಸಿದ್ದೇನೆ. ಸ್ಟ್ಯಾಂಡ್‌ಬೈ ಸಾಲಿನ ಕೊನೆಯಲ್ಲಿ ನೆತ್ತಿ ಉಬ್ಬಿದ್ದ 1,000 ಮೈಕ್ರೊಫ್ಯಾರಡಿನದನ್ನೂ, 5 ವೋಲ್ಟಿನ ಸಾಲಿನ 2,200ರ ಎರಡನ್ನೂ ಬದಲಿಸಿದೆ. ಅಲ್ಲಿ ಬರೀ ಮೈಕ್ರೊಫ್ಯಾರಡ್ ಹೊಂದಿದರೆ ಸಾಲದು, ಒಳತಡೆ ಕಡಿಮೆ ಇರುವ ಜಾತಿಯೇ ಬೇಕು. ಹೊರೆ ರೆಸಿಸ್ಟರ್ ಈಗ 5 ವ್ಯಾಟಿನ ಬಿಳಿ ಸಿಮೆಂಟಿನದು, ಬೋರ್ಡಿನಿಂದ ಬೆರಳಗಲ ಮೇಲೆ ನಿಂತಿದೆ. ಕರಕಲಾದ ಬೋರ್ಡನ್ನು ಬ್ಲೇಡಿನಿಂದ ಬಿಳಿ ಕಾಣುವವರೆಗೆ ಕೆರೆದು ಸ್ಪಿರಿಟ್ಟಿನಿಂದ ಒರೆಸಿದೆ. ಇದ್ದಿಲು ಕರೆಂಟು ಹರಿಸುತ್ತದೆ, ಅದನ್ನು ಬಿಟ್ಟು ಮೇಲೆ ಬೆಸುಗೆ ಹಾಕಿದರೆ ಕೆಲಸ ಕೆಟ್ಟಿತೆಂದೇ ಅರ್ಥ. ಎದ್ದುಹೋದ ತಾಮ್ರದ ಪಟ್ಟಿಯ ಬದಲು ದಪ್ಪ ತಂತಿ ಎಳೆದಿದ್ದೇನೆ. ಫ್ಯಾನಿನಿಂದ ಹತ್ತಿಯ ಒಂದು ಮುದ್ದೆ ಹೊರಬಂತು. ಬೇರಿಂಗಿಗೆ ಒಂದು ಹನಿ ಎಣ್ಣೆ. ಹೀಟ್‌ಸಿಂಕಿನ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಮೈಕಾ ಹಾಳೆ ಮತ್ತೆ ಅದೇ ಜಾಗದಲ್ಲಿ.

ಮೊದಲ ಸಲ ಕರೆಂಟು ಕೊಡುವಾಗ ನಮ್ಮ ಕಡೆಯ ಟಿ.ವಿ. ಮೆಕ್ಯಾನಿಕ್ಕುಗಳ ಹಳೇ ವಿದ್ಯೆಯನ್ನೇ ನಂಬಿದೆ. 100 ವ್ಯಾಟಿನ ಹಳದಿ ಬಲ್ಬನ್ನು ಸೀರೀಸಿನಲ್ಲಿ ಹಾಕುವುದು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಒಳಗೆ ಶಾರ್ಟ್ ಇಲ್ಲ. ಉರಿಯುತ್ತಲೇ ಇದ್ದರೆ ಸ್ವಿಚ್ ಆರಿಸಬೇಕು. ಎಲ್ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಮಿಂಚಿ ಮಂಕಾಯಿತು. ನೇರಳೆ ತಂತಿಯಲ್ಲಿ 5.04. ಆಮೇಲೆ ಬಲ್ಬು ತೆಗೆದು, ಡಬ್ಬಿ ಚಾಲೂ ಮಾಡಲು ಹಸಿರು ತಂತಿಯನ್ನು ಕಪ್ಪಿಗೆ ಮುಟ್ಟಿಸಿ, ಹಳದಿ ತಂತಿಗೆ ಕಾರಿನ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಹೊರೆಯಾಗಿ ಕಟ್ಟಿದೆ. 12 ಇರಬೇಕಾದಲ್ಲಿ 11.9 ಬಂತು, 11.4ರಿಂದ 12.6ರ ತನಕ ನಿಯಮವೇ ಒಪ್ಪುತ್ತದೆ.

ಓದುತ್ತಿರುವ ಉಳಿದವರಿಗೆ, ಈ ಮಹಾಶಯರ ಎದುರಿನಲ್ಲೇ ಒಂದು ಮಾತು. ಇದನ್ನು ಓದಿ ಸ್ಕ್ರೂಡ್ರೈವರ್ ಹುಡುಕಬೇಡಿ. ಪ್ಲಗ್ ಕಿತ್ತ ಮೇಲೂ ಕರೆಂಟು ಒಳಬರುವ ಕಡೆಯ ಎರಡು ದೊಡ್ಡ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟು ಉಳಿದಿರಬಹುದು. ಅದನ್ನು ತಾನಾಗಿ ಇಳಿಸಬೇಕಾದ ರೆಸಿಸ್ಟರುಗಳೂ ಶಾಖಕ್ಕೆ ಸತ್ತಿರಬಹುದು. ಮೀಟರಿನಲ್ಲಿ ಅಳೆದು ಸೊನ್ನೆಯ ಹತ್ತಿರ ಬಂದದ್ದನ್ನು ನೋಡದೆ ಬೆರಳು ಇಡಕೂಡದು. ಕೆಲವು ಡಬ್ಬಿಗಳಲ್ಲಿ ಹೀಟ್‌ಸಿಂಕೇ 325 ವೋಲ್ಟಿನ ಸಾಲಿಗೆ ಸೇರಿರುತ್ತದೆ. ಆ ಹೈ ವೋಲ್ಟೇಜಿನ ಕಡೆ ಬೋರ್ಡು ಆಳಕ್ಕೆ ಸುಟ್ಟಿದ್ದರೆ, ಟ್ರಾನ್ಸ್‌ಫಾರ್ಮರ್ ಕಮರಿದ್ದರೆ, ರಿಪೇರಿಯ ಹಟ ಬೇಡ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಉಳಿದ ಕೆಲಸ ಬಲ್ಲವರ ಕೈಗೆ ಒಪ್ಪಿಸಿ, ಅವರು ಕೇಳಿದ ಮುನ್ನೂರಕ್ಕೆ ಚೌಕಾಸಿ ಮಾಡಬೇಡಿ.

ಮತ್ತೆ ತಮ್ಮ ಕಡೆಗೆ. ತಮ್ಮ ಮೇಲೆ ದೂರು ಕೊಡೋಣವೆಂದರೆ ಯಾವ ಸಾಲಿನಲ್ಲಿ ನಿಲ್ಲಬೇಕು ಎಂಬುದೇ ಗೊಂದಲ. ರಿಪೇರಿ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿ, ಕೃಷಿ ಯಂತ್ರ, ಮೊಬೈಲು, ಗೃಹಬಳಕೆಯ ವಸ್ತು, ವಾಹನ ಎಂದು ನಾಲ್ಕು ವಿಭಾಗ ಗುರುತಿಸಿತು. ಉಳುವುದಿಲ್ಲ, ರಿಂಗಾಗುವುದಿಲ್ಲ, ಬಟ್ಟೆ ಒಗೆಯುವುದಿಲ್ಲ, ಓಡುವುದೂ ಇಲ್ಲ, ಈ ಡಬ್ಬಿಗೆ ಅಲ್ಲಿ ಕುರ್ಚಿ ಇದ್ದಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳು ಸತ್ತ ಮೇಲಿನ ಹೊಣೆಯನ್ನು ತಯಾರಕರ ಹೆಗಲಿಗೆ ಹಾಕಿವೆ. ಒಳ್ಳೆಯದೇ. ಆದರೆ ಬೇಗ ಸಾಯುವ ಹಾಗೆ ಹುಟ್ಟಿಸಿದ್ದಕ್ಕೆ ಯಾರ ಹೆಗಲು? ಹದ್ದಿಗೆ ಹೆಗಲಿಲ್ಲ, ರೆಕ್ಕೆ ಮಾತ್ರ.

ಆದ್ದರಿಂದ ತಮ್ಮಲ್ಲಿ ನೇರವಾಗಿಯೇ ಬೇಡಿಕೊಳ್ಳುತ್ತೇನೆ. ಮುಂದಿನ ನಕ್ಷೆ ಬರೆಯುವಾಗ ಆ ಪುಟಾಣಿಯನ್ನು ಹೀಟ್‌ಸಿಂಕಿನಿಂದ ಒಂದು ಸೆಂಟಿಮೀಟರ್ ದೂರ ಇಡಿ. 105 ಡಿಗ್ರಿಯದನ್ನೇ ಹಾಕಿ. ಬಿಸಿಯಾಗುವ ರೆಸಿಸ್ಟರಿನ ಕಾಲು ಸ್ವಲ್ಪ ಉದ್ದ ಬಿಡಿ. ಲೇಬಲ್ಲಿನ ಮೇಲೆ 200 ವ್ಯಾಟ್ ಎಂದೇ ಬರೆಯಿರಿ, ನಾವು ಬೇಸರಪಟ್ಟುಕೊಳ್ಳುವುದಿಲ್ಲ. ನಮ್ಮ ಪೆಂಟಿಯಮ್ಮಿಗೆ ಅಷ್ಟೇ ಸಾಕು. ಹದ್ದಿನ ಕೆಳಗೆ ಹೆಸರು, ವಿಳಾಸ ಹಾಕಿ. ಇದಕ್ಕೆಲ್ಲ ಆಗುವ ಖರ್ಚು ನಾಲ್ಕಾಣೆಯೋ ಎಂಟಾಣೆಯೋ ಬೆಲೆಗೆ ಸೇರಿಸಿಕೊಳ್ಳಿ, ಕೊಡುತ್ತೇವೆ.

ಇಂತಿ,
ತಮ್ಮ ಗ್ರಾಹಕ,
ಡಿಟಿಪಿ ಅಂಗಡಿ, ರಾಯಚೂರು

ವಿ.ಸೂ.: ಓದುಗರಲ್ಲಿ ವಿನಂತಿ. ಇವರಿಂದ ಉತ್ತರ ಬರುವ ತನಕ ರಾತ್ರಿ ಕಂಪ್ಯೂಟರ್ ಶಟ್‌ಡೌನ್ ಮಾಡಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸಿ.